ಗೇಜ್ ನೋಡದೆ ಧೈರ್ಯ ಹೇಳುವವರು

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರ, ಅದು ಸತ್ತವರನ್ನು ಸುಟ್ಟರೆ ಇದು ಬದುಕಿದವರನ್ನು ಸುಡುತ್ತದೆ ಎಂಬ ಮಾತು ಕನ್ನಡದಲ್ಲಿ ಎಷ್ಟು ಸವೆದಿದೆಯೆಂದರೆ ಅದನ್ನು ಯಾರೂ ಮಗುಚಿ ನೋಡುವುದಿಲ್ಲ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಕಡೆ ಅದನ್ನೇ ಎರಡು ಪದದಲ್ಲಿ ಮುಗಿಸುತ್ತಾರೆ: "ಫಿಕರ್ ಮಾಡಬ್ಯಾಡ". ನಿಜಾಮರ ಆಳ್ವಿಕೆಯಿಂದ ಉಳಿದುಕೊಂಡ ಈ ಉರ್ದು ಮಾತಿನ ಪಕ್ಕದಲ್ಲಿ ಈಗ "ಟೆನ್ಶನ್ ತಗೋಬ್ಯಾಡ, ಪಾಸಿಟಿವ್ ಆಗಿರು" ಎಂಬುದೂ ಬಂದು ಕೂತಿದೆ. ಬೆಳಗಿನ ವಾಟ್ಸ್‌ಆ್ಯಪ್ ಸ್ಟೇಟಸ್ಸಿನ ಸೂರ್ಯೋದಯದ ಮೇಲೆ, ಕಾಲೇಜಿನ ವ್ಯಕ್ತಿತ್ವ ವಿಕಸನ ಶಿಬಿರದಲ್ಲಿ, ಸಾಲಗಾರನ ಪಡಸಾಲೆಯಲ್ಲಿ, ಪರೀಕ್ಷೆಯಲ್ಲಿ ಫೇಲಾದ ಹುಡುಗನ ಮುಂದೆ, ಎಲ್ಲ ಕಡೆ ಇದೊಂದೇ ಔಷಧ. ಭಯ, ಚಿಂತೆ, ನೆಗೆಟಿವ್ ಯೋಚನೆ ಮೂರೂ ಮನಸ್ಸಿನ ಕಸ. ಗುಡಿಸಿ ಹೊರಗೆ ಹಾಕಿದರೆ ಬದುಕು ಹಸನಾಗುತ್ತದೆ ಎಂಬುದು ಅದರ ಸಾರ.

ಈ ನಂಬಿಕೆಯ ಗಂಟು ಬಿಚ್ಚುವ ಮೊದಲು ಅದರ ಬಲ ಎಷ್ಟೆಂದು ಒಪ್ಪಿಕೊಳ್ಳುವುದು ನ್ಯಾಯ. ರಾತ್ರಿಯಿಡೀ ಹೊರಳಾಡಿದರೆ ಮಳೆ ಬರುವುದಿಲ್ಲ, ಬಡ್ಡಿ ಇಳಿಯುವುದಿಲ್ಲ. ಇಳಿಯುವುದು ಮೈತೂಕ, ಕೆಡುವುದು ನಿದ್ದೆ. ಒಂದೇ ಬದುವಿನ ಆಚೀಚೆ ಇರುವ ಇಬ್ಬರಿಗೆ ಒಂದೇ ಥರದ ನಷ್ಟವಾದರೂ ಒಬ್ಬ ಕುಸಿದು ಕೂರುತ್ತಾನೆ, ಇನ್ನೊಬ್ಬ ಮುಂದಿನ ಬಿತ್ತನೆಗೆ ಬೀಜ ತರಲು ಹೊರಡುತ್ತಾನೆ. ಹಾಗಾದರೆ ವ್ಯತ್ಯಾಸ ನಷ್ಟದಲ್ಲಿಲ್ಲ, ನೋಡುವ ಬಗೆಯಲ್ಲಿದೆ. ನೋಡುವ ಬಗೆ ಅವರವರ ಕೈಯಲ್ಲಿದೆ. ಆದ್ದರಿಂದ ಯೋಚನೆ ಬದಲಿಸಿಕೊಂಡವನ ಬದುಕೂ ಬದಲಾಗುತ್ತದೆ. ಅಮೆರಿಕದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ಈ ಮಾತನ್ನೇ ಪುಸ್ತಕ ಮಾಡಿದಾಗ ಅದು ಲಕ್ಷಗಟ್ಟಲೆ ಮಾರಾಟವಾಯಿತು. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯೂ ಯೋಚನೆಗೂ ಭಾವನೆಗೂ ಇರುವ ನಂಟನ್ನೇ ಆಧಾರವಾಗಿಸಿಕೊಂಡಿದೆ. ಬರೀ ಸ್ಟೇಟಸ್ ತತ್ವಜ್ಞಾನ ಎಂದು ಇದನ್ನು ತಳ್ಳಿಹಾಕಲಾಗದು. ಆದರೆ ಈ ವಾದ ಇಡುವ ಮೂರು ಹೆಜ್ಜೆಗಳಲ್ಲಿ ಎರಡರ ಕೆಳಗೆ ನೆಲವಿಲ್ಲ.

ಕುಸಿದವನಿಗೂ ಬೀಜ ತರಲು ಹೋದವನಿಗೂ ಇರುವ ವ್ಯತ್ಯಾಸ ನೋಡುವ ಬಗೆಯದ್ದೇ ಎಂದು ಹೇಗೆ ಗೊತ್ತಾಯಿತು? ಎರಡನೆಯವನ ಹೊಲದಲ್ಲಿ ಬೋರ್‌ವೆಲ್ ಇರಬಹುದು, ಬೆಂಗಳೂರಿನಲ್ಲಿ ದುಡಿಯುವ ತಮ್ಮ ಇರಬಹುದು, ಸಾಲ ಸೊಸೈಟಿಯದ್ದಾಗಿರಬಹುದು. ಮೊದಲನೆಯವನದು ತಿಂಗಳ ಬಡ್ಡಿಯ ಕೈಸಾಲ. ಇಬ್ಬರ ಮುಖ ನೋಡಿ ಧೈರ್ಯ ಅಳೆಯುವವರು ಇಬ್ಬರ ಲೆಕ್ಕದ ಪುಸ್ತಕ ನೋಡಿರುವುದಿಲ್ಲ. ಇನ್ನು, ಯೋಚನೆ ಅವರವರ ಕೈಯಲ್ಲಿದೆ ಎಂಬುದು. ಔಷಧ ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದ ವೈದ್ಯನ ಕಥೆ ಗೊತ್ತಿರುವ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮಂಗನ ಬದಲು ಬಿಳಿ ಕರಡಿಯನ್ನಿಟ್ಟುಕೊಂಡು ಅದೇ ಕಥೆಯನ್ನು ಪ್ರಯೋಗ ಮಾಡಿದರು. ಐದು ನಿಮಿಷ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಮೊಳಗುತ್ತಲೇ ಇತ್ತು. ಆಮೇಲೆ ನೆನೆಯಬಹುದು ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು. ಕೆಟ್ಟದ್ದನ್ನು ಅದುಮುವುದು ಬೇಡ, ಒಳ್ಳೆಯದನ್ನು ತುಂಬಿಕೊಂಡರೆ ಸಾಕು ಎನ್ನುವವರಿಗೆ ಕೆನಡಾದ ಜೋಆ್ಯನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ತಮ್ಮ ಬಗ್ಗೆ ತಮಗೇ ಕೀಳರಿಮೆ ಇದ್ದವರು ತಮ್ಮನ್ನು ಹೊಗಳುವ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಆ ವಾಕ್ಯದಿಂದ ಲಾಭವಾದದ್ದು, ಅದೂ ಸ್ವಲ್ಪವೇ, ಅದರ ಅಗತ್ಯ ಇಲ್ಲದವರಿಗೆ.

ಸೊನ್ನೆಯ ಲೆಕ್ಕ ಹಾಕುವವರು ಚಿಂತೆಯ ಇನ್ನೊಂದು ನಂಟನ್ನು ಮರೆಯುತ್ತಾರೆ. ಚಿಂತೆ, ಚಿಂತನೆ, ಚಿಂತಕ ಮೂರೂ ಒಂದೇ ಬೇರಿನ ಪದಗಳು. ಚಿಂತಕನಿಗೆ ಶಾಲು ಹೊದಿಸಿ ಸನ್ಮಾನ, ಚಿಂತೆ ಮಾಡುವವನಿಗೆ ಬುದ್ಧಿವಾದ: ವಿಚಿತ್ರ ವ್ಯವಸ್ಥೆ. ಗೊಂದಲಕ್ಕೆ ಮೂಲ, ಬೇರೆ ಬೇರೆ ಮೂರು ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿರುವುದು. ಅವನ್ನು ಮೊದಲು ಬಿಡಿಸಿಡಬೇಕು.

1. ಭಯ ಎದುರಿಗಿರುವ ಅಪಾಯಕ್ಕೆ ಮೈ ಕೊಡುವ ಉತ್ತರ. ಅಪಾಯ ಸರಿದರೆ ಅದೂ ಸರಿಯುತ್ತದೆ.

2. ಚಿಂತೆ ಇನ್ನೂ ಬಾರದ ಕಷ್ಟಕ್ಕೆ ಮನಸ್ಸು ಮಾಡಿಕೊಳ್ಳುವ ತಯಾರಿ. ಅದಕ್ಕೆ ಎದುರಿಗೆ ಏನೂ ಇರಬೇಕಾಗಿಲ್ಲ, ಆದ್ದರಿಂದಲೇ ಅದು ತಾನಾಗಿ ನಿಲ್ಲುವುದೂ ಇಲ್ಲ.

3. ನೆಗೆಟಿವ್ ಯೋಚನೆ ಎನ್ನುವುದು ಒಂದು ತೀರ್ಪು. "ಈ ಸಲ ಕಾಲುವೆ ನೀರು ನಮ್ಮ ಹೊಲ ಮುಟ್ಟುವುದಿಲ್ಲ" ಎಂಬ ಮಾತು ನಿಜವಿರಬಹುದು, ಸುಳ್ಳಿರಬಹುದು. ಅದಕ್ಕೆ ಕೇಳಬೇಕಾದ ಪ್ರಶ್ನೆ ಅದು ಪಾಸಿಟಿವ್ ಹೌದೋ ಅಲ್ಲವೋ ಎಂಬುದಲ್ಲ, ಸರಿಯೋ ತಪ್ಪೋ ಎಂಬುದು. ಬೆಕ್ ಚಿಕಿತ್ಸೆ ಮಾಡುವುದೂ ಇಷ್ಟೇ: ಯೋಚನೆಯನ್ನು ಸಾಕ್ಷಿಯ ಮುಂದೆ ನಿಲ್ಲಿಸಿ ಪರೀಕ್ಷಿಸುವುದು. ಪರೀಕ್ಷೆಯಲ್ಲಿ ಅದು ಗೆದ್ದರೆ ಮುಂದಿನ ಕೆಲಸ ನೋಡಬೇಕು.

ಭಯದಿಂದಲೇ ಶುರು ಮಾಡೋಣ. ಭಯವೇ ಇಲ್ಲದ ಬದುಕು ಹೇಗಿರುತ್ತದೆ ಎಂದು ಊಹಿಸಬೇಕಾಗಿಲ್ಲ. ವೈದ್ಯರ ಬರಹಗಳಲ್ಲಿ ಎಸ್.ಎಂ. ಎಂಬ ಎರಡೇ ಅಕ್ಷರಗಳಿಂದ ಗುರುತಿಸುವ ಅಮೆರಿಕದ ಮಹಿಳೆಯೊಬ್ಬರಿಗೆ ಅಪರೂಪದ ಕಾಯಿಲೆಯಿಂದ ಮಿದುಳಿನ ಅಮಿಗ್ಡಲ ಎಂಬ ಭಾಗ ನಾಶವಾಗಿತ್ತು. ಸಂಶೋಧಕರು ಹಾವುಗಳಿದ್ದ ಅಂಗಡಿಗೆ ಕರೆದೊಯ್ದರೆ ಆಕೆ ಕುತೂಹಲದಿಂದ ಮುಟ್ಟಲು ಹೋದರು. ಸ್ಟೇಟಸ್‌ಗಳು ಬಣ್ಣಿಸುವ ಆದರ್ಶವೇ ಇದು. ಆದರೆ ಆಕೆಯ ಬದುಕಿನಲ್ಲಿ ಚಾಕು, ಬಂದೂಕು ತೋರಿಸಿ ಬೆದರಿಸಿದ ಘಟನೆಗಳೂ ನಡೆದಿದ್ದವು. ದೂರ ಸರಿಯಬೇಕಾದ ಜಾಗವನ್ನು ಮೊದಲೇ ಹೇಳಬೇಕಾದ ಸೂಚನೆ ಆಕೆಯ ಒಳಗಿನಿಂದ ಬರುತ್ತಲೇ ಇರಲಿಲ್ಲ. ಇದಕ್ಕೆ ಎದುರಾಗಿ 2019ರ ಆಗಸ್ಟಿನ ಕೃಷ್ಣಾ ಪ್ರವಾಹವನ್ನು ನೆನೆಯಬಹುದು. ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿ ಬಳಿ ಸೇತುವೆ ಮುಳುಗಿತ್ತು. ಆ್ಯಂಬುಲೆನ್ಸ್ ಬಂದು ನಿಂತಿತು. ಚಾಲಕನಿಗೆ ರಸ್ತೆಯ ಅಂಚು ಎಲ್ಲಿದೆ, ಹೊಳೆ ಎಲ್ಲಿಂದ ಶುರು ಎಂಬುದು ಕಾಣುತ್ತಿರಲಿಲ್ಲ. ಅವನ ಹಿಂಜರಿಕೆ ಹೇಡಿತನವಾಗಿರಲಿಲ್ಲ, ಲೆಕ್ಕಾಚಾರವಾಗಿತ್ತು. ಆಗ ಸುಮಾರು ಹನ್ನೆರಡು ವರ್ಷದ ಊರ ಹುಡುಗನೊಬ್ಬ ನೀರಿಗಿಳಿದು ಗಾಡಿಯ ಮುಂದೆ ಮುಂದೆ ನಡೆದ, ಮುಗ್ಗರಿಸಿದ, ಮತ್ತೆ ಎದ್ದ, ಆಚೆ ದಡ ಮುಟ್ಟಿಸಿದ. ಆಮೇಲೆ ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಚಾಲಕನ ಭಯವನ್ನು ಕಳೆದದ್ದು ಯಾವ ಉಪದೇಶ? ಮುಂದೆ ನಡೆಯುತ್ತಿದ್ದ ಮೈ ಎಷ್ಟು ಮುಳುಗಿದೆ ಎಂಬ ಅಳತೆ. ಸೇತುವೆ ಬಲ್ಲವನು ಮುಂದೆ ನಡೆದ, ಅರಿಯದವನು ಅವನನ್ನು ನೋಡಿ ನಡೆದ. (ದೊಡ್ಡವರ ವ್ಯವಸ್ಥೆ ಅಲ್ಲಿ ಒಂದು ಕಂಬವನ್ನೋ ಹಗ್ಗವನ್ನೋ ಇಟ್ಟಿದ್ದರೆ ಮಗುವಿನ ಎದೆಮಟ್ಟವೇ ಅಳತೆಗೋಲಾಗಬೇಕಿರಲಿಲ್ಲ ಎಂಬುದನ್ನೂ ಪ್ರಶಸ್ತಿಯ ಸಂಭ್ರಮದ ನಡುವೆ ಹೇಳಬೇಕು.)

ಚಿಂತೆಯ ವಿಷಯಕ್ಕೆ ಬಂದರೆ ಮಾನ್ವಿಗೆ ಹೋಗಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಮುನಿರಾಬಾದಿನಿಂದ ಹೊರಟ ನೀರು ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಗದ್ದೆಗಳನ್ನು ದಾಟಿ ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗಕ್ಕೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಎಂಬುದೇ ಪ್ರತಿ ವರ್ಷದ ಜಗಳ. ಅಲ್ಲಿನ ರೈತ "ನೀರು ಬರುತ್ತೋ ಇಲ್ಲವೋ" ಎಂದು ಸುಮ್ಮನೆ ಹಲುಬುವುದಿಲ್ಲ. "ಮೈಲ್ 69ರಾಗ ಗೇಜ್ ಎಷ್ಟೈತಿ, 104ರಾಗ ಎಷ್ಟೈತಿ" ಎಂದು ಕೇಳುತ್ತಾನೆ. ಕಾಲುವೆಯ ಗೋಡೆಗೆ ಬಳಿದ ಅಡಿಗಳ ಗೆರೆಗಳಲ್ಲಿ ನೀರು ಯಾವ ಗೆರೆ ಮುಟ್ಟಿದೆ ಎಂಬುದರ ಮೇಲೆ ಅವನ ಮುಂದಿನ ಹದಿನೈದು ದಿನ ನಿಂತಿದೆ: ಗೊಬ್ಬರ ತರಬೇಕೇ, ಸಸಿ ನಾಟಿ ತಡೆಯಬೇಕೇ, ನೀರಾವರಿ ಕಚೇರಿಯ ಮುಂದೆ ಧರಣಿ ಕೂರಬೇಕೇ. ಮೇಲಿನವರು ಅಕ್ರಮವಾಗಿ ನೀರೆತ್ತುತ್ತಿದ್ದಾರೆ ಎಂದು ಅವನು ದೂರಿದರೆ ಅದನ್ನು ನೆಗೆಟಿವ್ ಮನೋಭಾವ ಎಂದು ಕರೆಯಲು ಬರುವುದಿಲ್ಲ. ಅದು ಸರಿಯಾದ ಮಾಹಿತಿ. ಈ ರೈತನಿಗೆ ಹೋಗಿ "ಒಳ್ಳೆಯದನ್ನೇ ಯೋಚಿಸು, ಒಳ್ಳೆಯದೇ ಆಗುತ್ತೆ" ಎನ್ನುವವನು ಗೇಜ್ ನೋಡದೆ ಧೈರ್ಯ ಹೇಳುತ್ತಿದ್ದಾನೆ. ಅಂಥ ಧೈರ್ಯ ನಂಬಿ ನಾಟಿ ಮಾಡಿದವನ ಗದ್ದೆ ಬಾಯಿಬಿಟ್ಟಾಗ ಧೈರ್ಯ ಹೇಳಿದವನು ಊರಲ್ಲಿರುವುದಿಲ್ಲ.

ಚಿಂತೆ ಮಾಡದಿರುವುದರ ಬೆಲೆಯನ್ನೂ ಇದೇ ಕಾಲುವೆಯ ತಲೆಯಲ್ಲಿ ನೋಡಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ಭರ್ತಿಯಾಗಿದ್ದ ದಿನಗಳವು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕೊಪ್ಪಳದಿಂದ ರಾಯಚೂರಿನವರೆಗೆ ಹಿಡಿ ಭತ್ತ ನಾಟಿದ್ದವರೆಲ್ಲ ನೀರು ಹರಿದುಹೋಗುವುದನ್ನು ಟಿವಿಯಲ್ಲಿ ನೋಡುತ್ತ ಕೂತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮೇಲ್ವಿಚಾರಣೆಯಲ್ಲಿ ಒಂದು ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ಕಿಂಡಿ ಮುಚ್ಚಲಾಯಿತು, ಮಳೆ ಕೈಹಿಡಿದು ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು. "ನೋಡಿ, ಸುಮ್ಮನೆ ಹೆದರಿದ್ದಿರಿ, ಎಲ್ಲ ಸರಿ ಹೋಯಿತಲ್ಲ" ಎಂದು ಆಮೇಲೆ ಹೇಳಿದವರಿಗೆ ಕೊರತೆ ಇರಲಿಲ್ಲ. ಅದು ತಾನಾಗಿ ಸರಿ ಹೋದದ್ದಲ್ಲ. ರಭಸದ ನೀರಿನಲ್ಲಿ ಉಕ್ಕಿನ ಹಲಗೆ ಇಳಿಸುವಾಗ ಏನೇನು ತಪ್ಪಬಹುದು ಎಂದು ಒಂದೊಂದಾಗಿ ಯೋಚಿಸಿದವರು ಅದನ್ನು ಸರಿ ಮಾಡಿದರು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಸುಮಾರು ಏಳು ದಶಕ ಹಳೆಯ ಅಣೆಕಟ್ಟೆಯಲ್ಲಿ ಸರಪಳಿ ಹರಿದರೆ ಏನು ಗತಿ ಎಂದು ಮೊದಲೇ ಕೆಟ್ಟದ್ದನ್ನು ಯೋಚಿಸಿ, ಬದಲಿ ಗೇಟನ್ನು ಸಿದ್ಧವಿಟ್ಟುಕೊಂಡಿದ್ದರೆ? ಎಂಜಿನಿಯರಿಂಗ್ ಎಂಬ ವಿದ್ಯೆ ಪೂರ್ತಿ ನಿಂತಿರುವುದೇ ಶಿಸ್ತಿನ ನೆಗೆಟಿವ್ ಯೋಚನೆಯ ಮೇಲೆ.

ಆದರೂ ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಲು ನಮ್ಮಲ್ಲಿ ಒಂದು ಅಳುಕಿದೆ. ಮುಸ್ಸಂಜೆ ಹೊತ್ತು ಅಪಶಕುನ ನುಡಿಯಬಾರದು, ಮೇಲೆ ಅಸ್ತು ದೇವತೆಗಳು ತಿರುಗುತ್ತಿರುತ್ತಾರೆ. ಬಾಯಿತಪ್ಪಿ ಆಡಿದರೆ "ಬಿಡ್ತು ಅನ್ನು". ಇಂದಿನ ಪಾಸಿಟಿವ್ ಚಿಂತನೆಯ ಶಿಬಿರಗಳು ವಿಜ್ಞಾನದ ಹೆಸರಿನಲ್ಲಿ ಹೇಳುವುದು ಇದನ್ನೇ: ಯೋಚಿಸಿದ್ದು ನಡೆಯುತ್ತದೆ, ಆದ್ದರಿಂದ ನಡೆಯಬೇಕಾದ್ದನ್ನೇ ಯೋಚಿಸಿ. ಅಜ್ಜಿಯ ಅಸ್ತು ದೇವತೆಗಳಿಗೆ ಫೀಸು ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಇದಕ್ಕೆ ಒಂದು ಗಟ್ಟಿ ಆಕ್ಷೇಪ ಬರಬಹುದು: ಭರವಸೆ ಇದ್ದವರು ನಿಜವಾಗಿಯೂ ಮುಂದೆ ಬರುವುದಿಲ್ಲವೇ? ಬರುತ್ತಾರೆ. ಗೇಬ್ರಿಯೆಲ್ ಓಟಿಂಗೆನ್ ಮತ್ತು ಥಾಮಸ್ ವ್ಯಾಡನ್ 1991ರಲ್ಲಿ ತೂಕ ಇಳಿಸಿಕೊಳ್ಳಲು ಬಂದ 25 ಮಹಿಳೆಯರನ್ನು ಗಮನಿಸಿ ಬರೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ತೂಕ ಇಳಿಸಬಲ್ಲೆ ಎಂಬ ನಿರೀಕ್ಷೆ ಇದ್ದವರು ಹೆಚ್ಚು ಇಳಿಸಿದರು. ತೆಳ್ಳಗಾದ ತಮ್ಮನ್ನು ಸೊಗಸಾಗಿ ಕಲ್ಪಿಸಿಕೊಂಡವರು ಕಡಿಮೆ ಇಳಿಸಿದರು. ನಿರೀಕ್ಷೆ ಹಿಂದಿನ ಅನುಭವದಿಂದ ಹುಟ್ಟುತ್ತದೆ, ದಾರಿಯ ಕಷ್ಟವನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ. ಕಲ್ಪನೆ ನಡೆಯುವ ಮೊದಲೇ ಊರು ಮುಟ್ಟಿಸಿಬಿಡುತ್ತದೆ. ಎರಡನ್ನೂ "ಪಾಸಿಟಿವ್" ಎಂಬ ಒಂದೇ ಪದದಿಂದ ಕರೆಯುವುದರಿಂದ ಮೊದಲನೆಯದರ ಕೀರ್ತಿಯನ್ನು ಎರಡನೆಯದು ಹೊಡೆದುಕೊಳ್ಳುತ್ತಿದೆ.

ಹಾಗಾದರೆ ಚಿಂತೆಯೆಲ್ಲ ಒಳ್ಳೆಯದೇ? ಅಲ್ಲ. ಅದು ಕೆಡುವುದು ಎಲ್ಲಿ ಎಂಬುದನ್ನು ಸರಿಯಾಗಿ ಗುರುತಿಸಬೇಕು. ಗೇಜ್ ಕೇಳಿದ ರೈತನ ಚಿಂತೆಗೆ ಒಂದು ತುದಿಯಿದೆ. ಉತ್ತರ ಸಿಕ್ಕಿದ ಮೇಲೆ ಅದು ಒಂದು ಕೆಲಸವಾಗಿ ಮಾರ್ಪಡುತ್ತದೆ. ಗಾಣದೆತ್ತಿನ ಚಿಂತೆಗೆ ತುದಿಯಿಲ್ಲ. ನೀರು ಬರದಿದ್ದರೆ, ಬೆಳೆ ಹೋದರೆ, ಮಗಳ ಮದುವೆ ನಿಂತರೆ, ಜನ ನಕ್ಕರೆ, ಮತ್ತೆ ನೀರು ಬರದಿದ್ದರೆ. ಎಷ್ಟು ಸುತ್ತಿದರೂ ಒಂದು ತೀರ್ಮಾನ ಹುಟ್ಟದ, ಒಂದು ಫೋನ್ ಕರೆಗೂ ಹಚ್ಚದ ಯೋಚನೆ ಅದು. ಅದರ ವಸ್ತು ಮೊದಲನೆಯದರದ್ದೇ. ಕೊನೆ ಇಲ್ಲದಿರುವುದೇ ಅದರ ರೋಗ. ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ 1983ರಲ್ಲಿ ಪರೀಕ್ಷಿಸಿದ ಉಪಾಯದಲ್ಲಿ ಹಳ್ಳಿಯ ವಿವೇಕವಿದೆ: ಚಿಂತಿಸಬೇಡ ಎನ್ನುವ ಬದಲು ದಿನಕ್ಕೆ ಅರ್ಧ ಗಂಟೆ, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಚಿಂತೆಗೆ ಕೂರು, ಉಳಿದ ಹೊತ್ತಿನಲ್ಲಿ ಬಂದದ್ದನ್ನು ಆ ಹೊತ್ತಿಗೆ ಬಾ ಎಂದು ಕಳಿಸು ಎಂದರು. ಚಿಂತೆಯನ್ನು ಗುಡಿಸಿ ಹಾಕದೆ ಅದಕ್ಕೂ ಸರದಿ ಹಚ್ಚಿದ ಹಾಗೆ. ಕಾಲುವೆ ಕೊನೆಯವರಿಗೆ ಸರದಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಉಳಿಯುತ್ತವೆ. ಮಳೆ ಯಾರ ಕೈಯಲ್ಲೂ ಇಲ್ಲ, ಕೈಯಲ್ಲಿಲ್ಲದ್ದಕ್ಕೆ ಚಿಂತೆ ಯಾಕೆ ಎಂಬುದು ಒಂದು. ಮಳೆ ಕೈಯಲ್ಲಿಲ್ಲ ನಿಜ, ತೊಗರಿಯೋ ಹತ್ತಿಯೋ ಎಂಬುದು ಕೈಯಲ್ಲಿದೆ. 2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಕಾಳುಕಡಿಗೆ ರೈತನ ಕಂತು ವಿಮಾ ಮೊತ್ತದ ಶೇ 2, ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5. ಬೆಳೆ ಹೋಗಬಹುದು ಎಂದು ಚಿಂತಿಸಿದವನು ಗಡುವಿನೊಳಗೆ ಕಂತು ಕಟ್ಟುತ್ತಾನೆ. ಪಾಸಿಟಿವ್ ಆಗಿದ್ದವನು ಬಿಡುತ್ತಾನೆ. ಎರಡನೆಯ ಆಕ್ಷೇಪ ಇನ್ನೂ ಆಳದ್ದು: ಚಿಂತೆಯನ್ನು ದೇವರ ಮೇಲೆ ಹಾಕಿ ಹಗುರಾಗು ಎಂದು ದಾಸರೇ ಹೇಳಲಿಲ್ಲವೇ? ಈ ನೆಲ ದಾಸರದ್ದೇ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದ ಜಗನ್ನಾಥದಾಸರು ಎಲ್ಲ ಮಾನ್ವಿ, ದೇವದುರ್ಗದ ಆಸುಪಾಸಿನವರು. ಫಲವನ್ನು ಒಪ್ಪಿಸುವುದು ಬೇರೆ, ಕಷ್ಟವನ್ನು ಇಲ್ಲವೆನ್ನುವುದು ಬೇರೆ. ದಾಸರು ಎರಡನೆಯದನ್ನು ಮಾಡಿದವರಲ್ಲ. ಜಗನ್ನಾಥದಾಸರ ಬಗ್ಗೆ ಈ ಭಾಗದಲ್ಲಿ ಎಲ್ಲರೂ ಹೇಳುವ ಐತಿಹ್ಯವನ್ನೇ ನೋಡಿ. ಹೊಟ್ಟೆನೋವಿನಿಂದ ಸಾವಿನ ಅಂಚಿಗೆ ಬಂದ ಅವರು ವಿಜಯದಾಸರ ಬಳಿಗೆ ಹೋದಾಗ ಸಿಕ್ಕಿದ್ದು ಧೈರ್ಯದ ಮಾತಲ್ಲ. ವಿಜಯದಾಸರು ಅವರನ್ನು ಗೋಪಾಲದಾಸರತ್ತ ಕಳಿಸಿದರು, ಗೋಪಾಲದಾಸರು ತಮ್ಮ ಆಯುಸ್ಸಿನಿಂದ ನಲವತ್ತು ವರ್ಷ ತೆಗೆದು ಕೊಟ್ಟರು. ಐತಿಹ್ಯವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಆ ಕಥೆ ಕಟ್ಟಿದ ಜನ ಒಂದನ್ನು ಚೆನ್ನಾಗಿ ಅರಿತಿದ್ದರು: ನರಳುವವನಿಗೆ ಬೇಕಾದ್ದು ಇನ್ನೊಬ್ಬರು ತಮ್ಮದರಲ್ಲಿ ಒಂದಿಷ್ಟು ಬಿಟ್ಟುಕೊಡುವುದು.

ಭಯದ ಕಾರಣ ಹೊರಗಿದ್ದಾಗ ಮದ್ದನ್ನೂ ಹೊರಗೇ ಹುಡುಕಬೇಕು ಎಂಬುದಕ್ಕೆ ತೀರ ಈಚಿನ ಉದಾಹರಣೆ ಮೈಕ್ರೋಫೈನಾನ್ಸ್‌ನವರದ್ದು. ವಾರದ ಕಂತು ತಪ್ಪಿದ ಹೆಂಗಸರ ಮನೆ ಮುಂದೆ ವಸೂಲಿಗಾರರು ಕೂರುವುದು, ಕೂಗಾಡುವುದು, ಕುಟುಂಬಗಳು ಬೀಗ ಹಾಕಿ ಊರು ಬಿಡುವುದು 2025ರ ಆರಂಭದಲ್ಲಿ ರಾಜ್ಯದ ಹಲವೆಡೆ ಸುದ್ದಿಯಾಯಿತು. ಬಾಗಿಲು ಬಡಿದ ಸದ್ದಿಗೆ ಎದೆ ಝಲ್ಲೆನ್ನುವವಳ ಭಯವನ್ನು ಅವಳ ಮನಸ್ಸಿನಲ್ಲಿ ಹುಡುಕಿದರೆ ಏನು ಸಿಗುತ್ತದೆ? ಆ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಎಂದಿತು. ಅದು ಎಷ್ಟರಮಟ್ಟಿಗೆ ಜಾರಿಯಾಗುತ್ತದೆ ಎಂಬುದು ಬೇರೆ ಚರ್ಚೆ. ಭಯದ ಮೂಲ ಯಾವ ಕಡೆ ಇದೆ ಎಂಬುದನ್ನಾದರೂ ಅದು ಸರಿಯಾಗಿ ತೋರಿಸಿತು.

ಹೊರಗೆ ಕಾರಣವೇ ಕಾಣದ, ಇದ್ದರೂ ಅದಕ್ಕೆ ಅಳತೆ ಮೀರಿದ ಭಯವೂ ಇರುತ್ತದೆ. ಪಾಸಿಟಿವ್ ಮಂತ್ರ ಅತಿ ಹೆಚ್ಚು ಹಾನಿ ಮಾಡುವುದು ಅಲ್ಲೇ, ಏಕೆಂದರೆ ಕಾಯಿಲೆಯನ್ನು ಅದು ಸ್ವಭಾವದ ದೋಷವಾಗಿ ಮಾಡಿಬಿಡುತ್ತದೆ. ಮಲೇರಿಯಾ ಬಂದವನಿಗೆ ಧೈರ್ಯ ಸಾಲದು ಎನ್ನುವುದಿಲ್ಲ. ಖಿನ್ನತೆಯವನಿಗೆ ಎನ್ನುತ್ತೇವೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದ ನೂರು ಜನರಲ್ಲಿ ಸುಮಾರು 85 ಜನ ಚಿಕಿತ್ಸೆಯ ಹೊರಗೇ ಇದ್ದರು. ಇದಕ್ಕೆ ದಾರಿ ಇಲ್ಲ ಎನ್ನುವಂತಿಲ್ಲ. ದಾರಿ ಹಾಕಿದ್ದೇ ರಾಯಚೂರಿನ ಪಕ್ಕದ ಜಿಲ್ಲೆಯಲ್ಲಿ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯನ್ನು ಆಯ್ದುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ, ಕೆಲವೇ ಔಷಧಗಳಿಂದ ಚಿಕಿತ್ಸೆ ಕೊಡುವ ತರಬೇತಿ ನೀಡಿತು. "ಬಳ್ಳಾರಿ ಮಾದರಿ" ಎಂದೇ ಹೆಸರಾದ ಅದನ್ನು ಆಧರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2014ರಿಂದ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಾಯಿತು; 2022ರ ಅಕ್ಟೋಬರಿನಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಇಂಥ ಮಂಗಳವಾರದ ಸಾಲಿನಲ್ಲಿ ನಿಂತವರು ಯಾರೂ ಖಿನ್ನತೆ, ಆತಂಕ ಎಂಬ ಪದ ಬಳಸುವುದಿಲ್ಲ. ತಲಿಶೂಲಿ, ಎದಿ ಡವಡವ, ಮೈಯೆಲ್ಲ ಉರಿ, ರಾತ್ರಿ ನಿದ್ದಿ ಇಲ್ಲ ಎನ್ನುತ್ತಾರೆ. ಜೊತೆಗೆ ಬಂದ ಮೈದುನನೋ ಅತ್ತೆಯೋ ನಡುವೆ ಬಾಯಿ ಹಾಕಿ "ಏನಿಲ್ರೀ ಸಾಹೇಬ್ರ, ಬರೇ ಟೆನ್ಶನ್ ಮಾಡ್ಕೊಂತಾಳ, ನೀವರ ಒಂಚೂರು ಧೈರ್ಯ ಹೇಳ್ರಿ" ಎನ್ನುತ್ತಾರೆ. ಕೆಲಸ ಬಲ್ಲ ವೈದ್ಯರು ಆ ಮಾತಿಗೆ ತಲೆಯಾಡಿಸಿ, ಚೀಟಿ ಎಳೆದುಕೊಂಡು, ಆಕೆಯ ಕಡೆಗೇ ತಿರುಗಿ ಕೇಳುತ್ತಾರೆ: "ನಿದ್ದಿ ಬರದ ಎಷ್ಟು ದಿನ ಆತವ್ವ? ಊಟ ಎಷ್ಟು ಮಾಡ್ತಿ?"